ತನ್ನ ಲೆಕ್ಕ ತಾನೇ ಒಪ್ಪಿಸಲು ಕಲಿತ ಪ್ರೋಗ್ರಾಂ

ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಎಸ್‌ಎಂಎಫ್ ಎಂಬ ಲೆಕ್ಕಪತ್ರ ವ್ಯವಸ್ಥೆಯೊಂದಿದೆ. ಓಎಸ್/360ರ ಕಾಲದಿಂದ ಬಂದದ್ದು. ಯಾವ ಕೆಲಸ ಎಷ್ಟು ಹೊತ್ತಿಗೆ ಶುರುವಾಯಿತು, ಅದಕ್ಕಾಗಿ ಪ್ರೊಸೆಸರ್ ಎಷ್ಟು ದುಡಿಯಿತು, ಟೇಪು ಡಿಸ್ಕುಗಳನ್ನು ಎಷ್ಟು ಸಲ ಮುಟ್ಟಿತು ಎಂಬುದನ್ನೆಲ್ಲ ಅದು ದಾಖಲೆಗಳಾಗಿ ಬರೆದಿಡುತ್ತದೆ. ಪ್ರತಿ ದಾಖಲೆಗೂ ಅದು ಯಾವ ಬಗೆಯದು ಎಂದು ತಿಳಿಸುವ ಒಂದು ಸಂಖ್ಯೆಯಿರುತ್ತದೆ. 0ಯಿಂದ 127ರವರೆಗಿನ ಸಂಖ್ಯೆಗಳನ್ನು ಐಬಿಎಂ ತನಗೆಂದು ಇಟ್ಟುಕೊಂಡಿತು. 128ರಿಂದ 255ರವರೆಗಿನದನ್ನು ಬಳಕೆದಾರರಿಗೆ ಬಿಟ್ಟುಕೊಟ್ಟಿತು. ನಿಮ್ಮ ಪ್ರೋಗ್ರಾಂ ಬಗ್ಗೆ ನೀವೇ ಏನಾದರೂ ಬರೆದಿಡಬೇಕೆಂದಿದ್ದರೆ ಜಾಗ ಇಲ್ಲಿದೆ ಎಂದು ಅರ್ಧಕ್ಕರ್ಧ ಹಂಚಿಕೊಟ್ಟ ಹಾಗೆ.

ಸರ್ವರ್ ಪ್ರೋಗ್ರಾಂಗಳನ್ನು ಬರೆಯುವುದರಲ್ಲಿ, ಬರೆದದ್ದನ್ನು ಕಾಯುವುದರಲ್ಲಿ ಬೆಂಗಳೂರಿನಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ಈ ವೃತ್ತಿಯ ಚರಿತ್ರೆಯನ್ನು ಹಿಂತಿರುಗಿ ನೋಡುವಾಗೆಲ್ಲ ಆ 128 ಎಂಬ ಗಡಿಯೇ ನನಗೆ ಮೊದಲು ನೆನಪಾಗುವುದು. ಯಂತ್ರ ಕಟ್ಟಿದವರು ಯಂತ್ರವನ್ನು ಅಳೆಯಬಲ್ಲರು. ಆದರೆ ಆ ಯಂತ್ರದ ಮೇಲೆ ನಡೆಯುತ್ತಿರುವುದು ಬ್ಯಾಂಕಿನ ವ್ಯವಹಾರವೋ, ರೈಲ್ವೆ ಟಿಕೆಟ್ಟೋ, ಆಸ್ಪತ್ರೆಯ ದಾಖಲಾತಿಯೋ ಅವರಿಗೆ ತಿಳಿಯದು. ಅದು ಗೊತ್ತಿರುವುದು ಪ್ರೋಗ್ರಾಂ ಬರೆದವರಿಗೆ. ಏನನ್ನು ಎಣಿಸಬೇಕೆಂದು ಆರಿಸುವ ಹಕ್ಕು ಯಂತ್ರ ಮಾಡಿದವರ ಕೈಯಿಂದ ಪ್ರೋಗ್ರಾಂ ಬರೆದವರ ಕೈಗೆ ನಿಧಾನವಾಗಿ ದಾಟಿದ್ದೇ ಈ ಚರಿತ್ರೆಯ ತಿರುಳು. ಆ ಹಕ್ಕಿನ ಜೊತೆಗೆ ಒಂದು ಹೊಣೆಯೂ ದಾಟಿಬಂತು.

ಆರಂಭದ ಎಣಿಕೆಗೆ ಕಾರಣ ಹಣ. ಕೋಟಿಗಟ್ಟಲೆ ಬೆಲೆಯ ಒಂದೇ ಯಂತ್ರವನ್ನು ಹತ್ತಾರು ವಿಭಾಗಗಳು ಹಂಚಿಕೊಳ್ಳುತ್ತಿದ್ದ ಕಾಲ. ಯಾರು ಎಷ್ಟು ಬಳಸಿದರು ಎಂದು ಬಿಲ್ ಹಾಕಬೇಕಿತ್ತು. 1970ರ ದಶಕದ ಮೊದಲಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಐಬಿಎಂ 360/44 ಇತ್ತು. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕೊಟ್ಟು ಸರದಿಗಾಗಿ ಕಾಯುತ್ತಿದ್ದ ಆ ಪೀಳಿಗೆಗೆ ಕಂಪ್ಯೂಟರಿನ ನಿಮಿಷ ನಿಮಿಷವೂ ಲೆಕ್ಕದ್ದು. ಅಂಥ ಕಾಲದಲ್ಲಿ ಪ್ರೊಸೆಸರ್ ಸಮಯವೇ ಮುಖ್ಯ ಅಳತೆಯಾದದ್ದು ಸಹಜ.

ಪ್ರೋಗ್ರಾಂನ ಒಳಗೇ ಎಣಿಕೆ ಇಟ್ಟು ನೋಡುವುದರಲ್ಲಿ ಎಂಥ ಅರಿವು ಸಿಗಬಹುದೆಂದು ಬಲವಾಗಿ ತೋರಿಸಿಕೊಟ್ಟವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. 1971ರಲ್ಲಿ ಅವರು ಫೋರ್ಟ್ರಾನ್ ಪ್ರೋಗ್ರಾಂಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಜನ ನಿಜಕ್ಕೂ ಬರೆಯುವ ಪ್ರೋಗ್ರಾಂಗಳು ಹೇಗಿರುತ್ತವೆ ಎಂದು ತಿಳಿಯಲು ಸ್ಟ್ಯಾನ್‌ಫರ್ಡ್‌ನಲ್ಲಿ, ಲಾಕ್‌ಹೀಡ್‌ನಲ್ಲಿ ಬಳಕೆಯಲ್ಲಿದ್ದ ಪ್ರೋಗ್ರಾಂಗಳನ್ನೇ ಕಲೆಹಾಕಿದರು. ಫೋರ್ಡ್ಯಾಪ್ ಎಂಬ ಉಪಕರಣ ಮೂಲ ಪ್ರೋಗ್ರಾಂ ಓದಿ, ಅದರ ನಡುನಡುವೆ ಎಣಿಕೆಯ ಸಾಲುಗಳನ್ನು ತಾನೇ ಸೇರಿಸುತ್ತಿತ್ತು. ಓಟ ಮುಗಿದ ಮೇಲೆ ಪ್ರತಿ ಸಾಲಿನ ಪಕ್ಕದಲ್ಲಿ ಅದು ಎಷ್ಟು ಸಲ ನಡೆಯಿತೆಂಬ ಅಂಕಿ ಮೂಡುತ್ತಿತ್ತು. ಪ್ರೋಗ್ರಾಂನ ಶೇ. 4ಕ್ಕಿಂತ ಕಡಿಮೆ ಭಾಗವೇ ಓಟದ ಅರ್ಧಕ್ಕಿಂತ ಹೆಚ್ಚು ಸಮಯವನ್ನು ನುಂಗುತ್ತದೆ ಎಂದು ಅದರಿಂದ ಹೊರಬಿತ್ತು. 1982ರಲ್ಲಿ ಬರ್ಕ್ಲಿಯ ಸೂಸನ್ ಗ್ರಹಾಂ, ಪೀಟರ್ ಕೆಸ್ಲರ್, ಮಾರ್ಷಲ್ ಮೆಕ್ಯುಸಿಕ್ ಜಿಪ್ರೊಫ್ ಕಟ್ಟಿದಾಗ ಈ ಬಗೆಯ ಅಳತೆ ಯುನಿಕ್ಸ್ ಪ್ರೋಗ್ರಾಮರ್‌ಗಳ ದಿನನಿತ್ಯದ ಕೆಲಸವಾಯಿತು.

ಈ ಉಪಕರಣಗಳಿಗೆ ಒಂದು ಮಿತಿಯಿತ್ತು. ಪ್ರೋಗ್ರಾಂ ಓಡಿ ಮುಗಿಯಬೇಕು, ಆಮೇಲೆ ವರದಿ. ಸರ್ವರ್ ಎಂಬುದು ಮುಗಿಯುವ ಪ್ರೋಗ್ರಾಂ ಅಲ್ಲ. ತಿಂಗಳುಗಟ್ಟಲೆ ನಿಲ್ಲದೆ ಓಡುವಂಥದ್ದು. ಓಡುತ್ತಿರುವಾಗಲೇ ಅದರ ಒಳಗೆ ಇಣುಕಬೇಕು, ಇಣುಕಿದ್ದರಿಂದ ಅದಕ್ಕೆ ಭಾರವೂ ಆಗಬಾರದು.

ಇದಕ್ಕೆ ಬಂದ ಉತ್ತರಗಳಲ್ಲಿ ನಾನು ಹತ್ತಿರದಿಂದ ಬಲ್ಲದ್ದು ವಿಂಡೋಸ್ ಎನ್‌ಟಿಯದು. ಡೆಕ್ ಕಂಪನಿಯಲ್ಲಿ ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಿದ್ದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅವರ ತಂಡ ಕಟ್ಟಿದ ಎನ್‌ಟಿ 3.1 ಹೊರಬಂದದ್ದು 1993ರ ಜುಲೈ 27ರಂದು. ಅದರ ಜೊತೆಯಲ್ಲೇ ಪರ್ಫಾರ್ಮೆನ್ಸ್ ಮಾನಿಟರ್ ಬಂತು. ನಾವೆಲ್ಲ ಮುಂದೆ ಪರ್ಫ್‌ಮಾನ್ ಎಂದೇ ಕರೆದದ್ದು. ಎನ್‌ಟಿಯ ಕಾರ್ಯಕ್ಷಮತೆಯ ಕೆಲಸ ನೋಡಿಕೊಂಡಿದ್ದ ರಸ್ ಬ್ಲೇಕ್ ಇದರ ಸುತ್ತ ಒಂದು ಇಡೀ ಪುಸ್ತಕ ಬರೆದರು. ಪರದೆಯ ಮೇಲೆ ಎಡದಿಂದ ಬಲಕ್ಕೆ ತೆವಳುವ ಬಣ್ಣದ ಗೆರೆಗಳು: ಪ್ರೊಸೆಸರ್, ಮೆಮೊರಿ, ಡಿಸ್ಕ್.

ಎನ್‌ಟಿಯ ದೊಡ್ಡತನ ಗೆರೆಗಳಲ್ಲಿ ಇರಲಿಲ್ಲ, ಅವುಗಳ ಹಿಂದಿನ ಏರ್ಪಾಟಿನಲ್ಲಿತ್ತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಪರ್ಫಾರ್ಮೆನ್ಸ್ ಡೇಟಾ ಎಂಬ ಒಂದು ಕೀ ಇದೆ. ಅದರಲ್ಲಿ ಏನನ್ನೂ ಬರೆದಿಟ್ಟಿರುವುದಿಲ್ಲ. ಯಾರಾದರೂ ಅದನ್ನು ಓದಲು ಹೋದಾಗ ಮಾತ್ರ ವ್ಯವಸ್ಥೆ ಓಡಾಡಿ, ಆ ಕ್ಷಣದ ಅಂಕಿಗಳನ್ನು ಕೂಡಿಸಿ ತಂದುಕೊಡುತ್ತದೆ. ಇಂಥ ಪ್ರತಿ ಅಂಕಿಗೂ, ಅಂದರೆ ಕೌಂಟರ್‌ಗೂ, ಕೌಂಟರ್‌ಗಳ ಪ್ರತಿ ಗುಂಪಿಗೂ ಒಂದೊಂದು ಸಮಸಂಖ್ಯೆ. 2 ಎಂದರೆ ಸಿಸ್ಟಂ, 4 ಎಂದರೆ ಮೆಮೊರಿ, 6 ಎಂದರೆ ಪ್ರೊಸೆಸರ್ ದುಡಿದ ಶೇಕಡಾ ಸಮಯ, 238 ಎಂದರೆ ಪ್ರೊಸೆಸರ್. ಈ ಪಟ್ಟಿಯನ್ನು ಯಾರು ಬೇಕಾದರೂ ಬೆಳೆಸಬಹುದಿತ್ತು. ನಿಮ್ಮ ಪ್ರೋಗ್ರಾಂಗೆಂದು ಹೊಸ ಸಂಖ್ಯೆಗಳನ್ನು ಪಡೆದರೆ ಅದೂ ಪ್ರೊಸೆಸರ್‌ನ ಪಕ್ಕದಲ್ಲೇ, ಅದೇ ಪರದೆಯಲ್ಲಿ, ಅದೇ ಗೌರವದಿಂದ ಕಾಣಿಸಿಕೊಳ್ಳುತ್ತಿತ್ತು. ಮೇನ್‌ಫ್ರೇಮಿನ 128ರ ಗಡಿಯೂ ಇಲ್ಲಿ ಅಳಿಸಿಹೋಯಿತು.

ಸೇರಿಸುವುದು ಮಾತ್ರ ಕಷ್ಟದ ಕೆಲಸವಾಗಿತ್ತು. ಸಿ ಭಾಷೆಯಲ್ಲಿ ಒಂದು ಡಿಎಲ್‌ಎಲ್, ಅಂದರೆ ಬೇರೆ ಪ್ರೋಗ್ರಾಂಗಳು ತಮ್ಮೊಳಗೆ ಸೇರಿಸಿಕೊಂಡು ಓಡಿಸುವ ಕೋಡಿನ ಕಡತ, ಬರೆಯಬೇಕು. ಅದರಲ್ಲಿ ತೆರೆಯುವ, ಅಂಕಿ ಕೂಡಿಸುವ, ಮುಚ್ಚುವ ಮೂರು ಫಂಕ್ಷನ್‌ಗಳು. ಹೆಸರು ವಿವರಣೆಗಳಿಗೆ ಒಂದು ಐಎನ್‌ಐ ಕಡತ, ಸಂಖ್ಯೆಗಳಿಗೆ ಒಂದು ಹೆಡರ್ ಕಡತ. ಲೋಡ್‌ಸಿಟಿಆರ್ ಎಂಬ ಆದೇಶ ಕೊಟ್ಟರೆ ಅವು ವ್ಯವಸ್ಥೆಯ ಪಟ್ಟಿಗೆ ಸೇರುತ್ತವೆ. ಆ ಡಿಎಲ್‌ಎಲ್ ಓಡುವುದು ನಿಮ್ಮ ಪ್ರೋಗ್ರಾಂನಲ್ಲಲ್ಲ, ಅಂಕಿ ನೋಡುತ್ತಿರುವವರ ಪ್ರೋಗ್ರಾಂನಲ್ಲಿ. ಹಾಗಾಗಿ ಎರಡರ ನಡುವೆ ಹಂಚಿಕೊಂಡ ಮೆಮೊರಿಯ ತುಂಡೊಂದನ್ನು ನೀವೇ ಏರ್ಪಡಿಸಬೇಕು. ನಿಮ್ಮ ಡಿಎಲ್‌ಎಲ್ ಮುಗ್ಗರಿಸಿದರೆ ನೋಡುತ್ತಿದ್ದ ಪರ್ಫ್‌ಮಾನ್ ಕೂಡ ಬಿದ್ದುಹೋಗುತ್ತಿತ್ತು. ಇಷ್ಟು ಪಾಡು ಪಟ್ಟು ಕೌಂಟರ್ ಸೇರಿಸುತ್ತಿದ್ದವರು ಹೆಚ್ಚಾಗಿ ಡೇಟಾಬೇಸ್, ಮೇಲ್ ಸರ್ವರ್‌ಗಳಂಥ ದೊಡ್ಡ ಸಾಫ್ಟ್‌ವೇರ್ ಕಟ್ಟುವವರು.

ಇನ್ನು ಆ ಅಂಕಿಗಳ ಗಣಿತ. ಪ್ರತಿ ಸೆಕೆಂಡಿಗೆ ಎಷ್ಟು ಆರ್ಡರ್ ಬರುತ್ತಿವೆ ಎಂದು ತೋರಿಸಬೇಕೆನ್ನಿ. ಹೊಸಬರು ಪ್ರೋಗ್ರಾಂನ ಒಳಗೇ ಗಡಿಯಾರ ಇಟ್ಟು, ಸೆಕೆಂಡಿಗೊಮ್ಮೆ ಭಾಗಾಕಾರ ಮಾಡಲು ಹೊರಡುತ್ತಾರೆ. ಎನ್‌ಟಿಯ ವಿನ್ಯಾಸ ಅದನ್ನು ಬೇಡ ಎನ್ನುತ್ತದೆ. ಪ್ರೋಗ್ರಾಂ ಮಾಡಬೇಕಾದದ್ದು ಒಂದೇ: ಆರ್ಡರ್ ಬಂದಾಗಲೆಲ್ಲ ಒಂದು ಅಂಕಿಗೆ ಒಂದನ್ನು ಕೂಡಿಸುತ್ತ ಹೋಗುವುದು. ನೋಡುವವರು ಎರಡು ಸಲ ಓದಿ, ಎರಡನೆಯದರಿಂದ ಮೊದಲನೆಯದನ್ನು ಕಳೆದು, ನಡುವಿನ ಸಮಯದಿಂದ ಭಾಗಿಸುತ್ತಾರೆ. ಕಾಗದದ ಟಿಕೆಟ್ಟಿನ ಕಾಲದಲ್ಲಿ ನಮ್ಮ ಸಾರಿಗೆ ಬಸ್ಸಿನ ಕಂಡಕ್ಟರ್‌ಗಳು ವೇಬಿಲ್ ತುಂಬುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಪ್ರತಿ ದರದ ಟಿಕೆಟ್ ಕಟ್ಟಿನಲ್ಲಿ ಹೊರಡುವಾಗ ಇದ್ದ ನಂಬರು, ಸ್ಟೇಜ್ ಬಂದಾಗ ಇದ್ದ ನಂಬರು, ಇಷ್ಟನ್ನೇ ಬರೆಯುವುದು. ನಡುದಾರಿಯಲ್ಲಿ ಹತ್ತಿದ ಚೆಕಿಂಗ್ ಇನ್‌ಸ್ಪೆಕ್ಟರ್ ಕಳೆದು ನೋಡಿದರೆ ಎಷ್ಟು ಮಂದಿಗೆ ಟಿಕೆಟ್ ಹರಿದಿದೆ ಎಂದು ತಿಳಿಯುತ್ತಿತ್ತು. ಎಣಿಸುವವರು ಎಣಿಸಿದರೆ ಸಾಕು, ತನಿಖೆ ಮಾಡುವವರು ತಮಗೆ ಬೇಕಾದ ಎರಡು ಹೊತ್ತನ್ನು ಆರಿಸಿಕೊಂಡು ಲೆಕ್ಕ ಹಾಕುತ್ತಾರೆ.

ಸರಾಸರಿ ಸಮಯಕ್ಕೂ ಇದೇ ದಾರಿ. ಒಂದು ಅಂಕಿ ಇದುವರೆಗೆ ತಗುಲಿದ ಒಟ್ಟು ಸಮಯ, ಅದರ ಬೆನ್ನಿಗೇ ಇನ್ನೊಂದು ಅಂಕಿ ಇದುವರೆಗಿನ ಒಟ್ಟು ಕೆಲಸಗಳ ಎಣಿಕೆ. ಎರಡರ ವ್ಯತ್ಯಾಸಗಳನ್ನು ಭಾಗಿಸಿದರೆ ಆ ಅವಧಿಯ ಸರಾಸರಿ. ಇವೆರಡೂ ಜೋಡಿಯಾಗಿಯೇ, ಒಂದರ ಹಿಂದೊಂದು ಇರಬೇಕೆಂಬುದು ಕಟ್ಟುನಿಟ್ಟಿನ ನಿಯಮವಾಗಿತ್ತು. ಒಮ್ಮೆ ಸೇರಿಸಿದ ಕೌಂಟರ್ ಎಣಿಸುತ್ತಿರುವುದು ಅಗ್ಗವಾಗಲು ಕಾರಣ ಇದೇ. ಸೆಕೆಂಡಿಗೆ ಸಾವಿರಾರು ವ್ಯವಹಾರ ನಡೆಸುವ ಸರ್ವರ್‌ಗೆ ಒಂದು ಅಂಕಿಗೆ ಒಂದನ್ನು ಕೂಡಿಸುವುದು ಹೊರೆಯೇ ಅಲ್ಲ. ಆದ್ದರಿಂದ ಅದನ್ನು ಪರೀಕ್ಷೆಯ ಹೊತ್ತಿನಲ್ಲಿ ಹಾಕಿ ಆಮೇಲೆ ಕಿತ್ತುಹಾಕಬೇಕಾಗಿಲ್ಲ. ಪ್ರೋಗ್ರಾಂ ಬದುಕಿರುವವರೆಗೂ ಅದು ಒಳಗೆ ಎಣಿಸುತ್ತಲೇ ಇರಬಹುದು.

ಸಮಸಂಖ್ಯೆಗಳ ಮಾತು ಹೇಳಿದೆ. ಅವುಗಳ ನಡುವಿನ ಬೆಸಸಂಖ್ಯೆಗಳಲ್ಲಿ ಇನ್ನೊಂದು ವಿಷಯವಿತ್ತು. ಪ್ರತಿ ಕೌಂಟರ್‌ನ ಮುಂದಿನ ಬೆಸಸಂಖ್ಯೆ ಅದರ ವಿವರಣೆಗೆ ಮೀಸಲು. 6ರಲ್ಲಿ ಕೌಂಟರ್‌ನ ಹೆಸರಿದ್ದರೆ 7ರಲ್ಲಿ ಅದೇನು, ಏರಿದರೆ ಇಳಿದರೆ ಏನರ್ಥ ಎಂಬ ಒಂದೆರಡು ವಾಕ್ಯ. ಪರ್ಫ್‌ಮಾನ್‌ನಲ್ಲಿ ಎಕ್ಸ್‌ಪ್ಲೇನ್ ಎಂಬ ಗುಂಡಿ ಒತ್ತಿದರೆ ಅದು ಕಾಣುತ್ತಿತ್ತು. ಈ ವಿನ್ಯಾಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ವಿವರಣೆಯನ್ನು ಬೇರೆಲ್ಲೋ ಕೈಪಿಡಿಯಲ್ಲಿ ಇಡದೆ, ಅಂಕಿಯ ಮಗ್ಗುಲಲ್ಲೇ ಅದಕ್ಕೊಂದು ಖಾಯಂ ಜಾಗ ಕಾದಿಟ್ಟಿದ್ದರು.

ಅದರ ಬೆಲೆ ನನಗೆ ತಿಳಿದದ್ದು ಬೆಂಗಳೂರಿನ ರಾತ್ರಿಪಾಳಿಗಳಲ್ಲಿ. 1990ರ ದಶಕದ ಕೊನೆಯಿಂದ ಅಮೆರಿಕ, ಯುರೋಪಿನ ಸರ್ವರ್‌ಗಳನ್ನು ಇಲ್ಲಿಂದ ಕಾಯುವ ಕೆಲಸ ಬೆಳೆಯಿತು. ಅವರ ಹಗಲು ನಮ್ಮ ರಾತ್ರಿ. ಪ್ರೋಗ್ರಾಂ ಬರೆದವರೊಬ್ಬರು, ಅದನ್ನು ಕಾಯುವವರು ಇನ್ನೊಬ್ಬರು, ಇಬ್ಬರೂ ಮುಖ ನೋಡಿದವರಲ್ಲ. ನಡುರಾತ್ರಿ ಒಂದು ಗೆರೆ ಏರುತ್ತಿರುವಾಗ ಕಾವಲಿಗೆ ಕೂತವರ ಕೈಲಿರುವುದು ಅದರ ಹೆಸರು, ಮತ್ತೆ ಆ ಬೆಸಸಂಖ್ಯೆಯ ವಾಕ್ಯ. ಎಷ್ಟೋ ಕಡೆ ಹೆಸರನ್ನೇ ವಿವರಣೆಯಲ್ಲೂ ಮತ್ತೊಮ್ಮೆ ಬರೆದು ಕೈತೊಳೆದುಕೊಂಡಿರುತ್ತಿದ್ದರು. ಎಲ್ಲೋ ಕೆಲವರು ಈ ಅಂಕಿ ಇಷ್ಟನ್ನು ದಾಟಿದರೆ ಹಿಂದಿನ ಡೇಟಾಬೇಸ್ ನೋಡಿ ಎಂದು ಬರೆದಿರುತ್ತಿದ್ದರು. ಅಂಥ ವಾಕ್ಯ ಓದಿದಾಗ ಬರೆದವರು ಪಕ್ಕದ ಕುರ್ಚಿಯಲ್ಲಿ ಕೂತು ದಾರಿ ತೋರಿಸಿದಷ್ಟು ಧೈರ್ಯ ಬರುತ್ತಿತ್ತು.

2002ರ ಫೆಬ್ರುವರಿಯಲ್ಲಿ ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಬಂದಮೇಲೆ ಈ ಕೆಲಸ ಎಲ್ಲರ ಕೈಗೆಟುಕಿತು. ಡಿಎಲ್‌ಎಲ್ ಬೇಡ, ಐಎನ್‌ಐ ಬೇಡ. ಒಂದು ಕೆಟಗರಿ ಸೃಷ್ಟಿಸಿ, ಅದರಲ್ಲಿ ಕೌಂಟರ್‌ಗಳ ಹೆಸರು, ವಿವರಣೆ, ಬಗೆ ಹೇಳಿ, ಬೇಕಾದಲ್ಲಿ ಇನ್‌ಕ್ರಿಮೆಂಟ್ ಎಂದು ಕರೆದರೆ ಮುಗಿಯಿತು. ಕೆಟಗರಿ ಸೃಷ್ಟಿಸಲು ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕಿತ್ತಾದ್ದರಿಂದ ಆ ಭಾಗವನ್ನು ಇನ್‌ಸ್ಟಾಲ್ ಮಾಡುವ ಹೊತ್ತಿನಲ್ಲೇ ಮುಗಿಸುತ್ತಿದ್ದೆವು. ಹತ್ತಿಪ್ಪತ್ತು ಸಾಲಿನಲ್ಲಿ ಸಾಮಾನ್ಯ ಪ್ರೋಗ್ರಾಮರ್ ಕೂಡ ತನ್ನ ಪ್ರೋಗ್ರಾಂಗೆ ಮಾತು ಕೊಡಬಹುದಿತ್ತು.

ಆ ವರ್ಷಗಳ ಒಂದು ಘಟನೆಯಿಂದಲೇ ನಾನು ಈ ವಿಷಯವನ್ನು ಇಷ್ಟು ಹಚ್ಚಿಕೊಂಡದ್ದು. ನಮ್ಮ ಸರ್ವರ್ ಆರ್ಡರ್‌ಗಳನ್ನು ತೆಗೆದುಕೊಂಡು, ಪ್ರತಿಯೊಂದನ್ನೂ ಇನ್ನೊಂದು ತಂಡದ ವೆಬ್ ಸರ್ವಿಸ್‌ಗೆ ಕಳಿಸಿ ಸರಿಯೇ ಎಂದು ಕೇಳಿ ಮುಂದುವರಿಸುತ್ತಿತ್ತು. ದಟ್ಟಣೆಯ ಹೊತ್ತಿನಲ್ಲಿ ಆರ್ಡರ್‌ಗಳು ನಿಂತುಹೋಗುತ್ತಿದ್ದವು. ಪರ್ಫ್‌ಮಾನ್‌ನಲ್ಲಿ ನಮ್ಮ ಪ್ರೊಸೆಸರ್ ಬಿಡುವಾಗಿತ್ತು, ಮೆಮೊರಿ ಬೇಕಾದಷ್ಟಿತ್ತು, ಡಿಸ್ಕ್ ತಣ್ಣಗಿತ್ತು. ಆಚೆಯವರ ಯಂತ್ರದಲ್ಲೂ ಹಾಗೇ. ಎರಡೂ ತಂಡಗಳು ತಮ್ಮ ತಮ್ಮ ಗೆರೆಗಳನ್ನು ತೋರಿಸಿ ತಪ್ಪು ನಮ್ಮದಲ್ಲ ಎನ್ನುತ್ತಿದ್ದವು. ಗೆರೆಗಳ ಪ್ರಕಾರ ಇಬ್ಬರ ಮಾತೂ ನಿಜವೇ.

ನಾವು ಮೂರು ಕೌಂಟರ್ ಸೇರಿಸಿದೆವು: ಒಳಬಂದ ಆರ್ಡರ್‌ಗಳು, ಆಚೆ ಕಳಿಸಿ ಉತ್ತರಕ್ಕೆ ಕಾಯುತ್ತಿರುವ ಕರೆಗಳು, ಒಂದು ಕರೆಗೆ ತಗುಲುವ ಸರಾಸರಿ ಸಮಯ. ಆಚೆಯ ತಂಡವನ್ನು ಒಪ್ಪಿಸಿ, ನಮ್ಮಿಂದ ಬಂದ ಎಷ್ಟು ಕರೆಗಳನ್ನು ಈ ಗಳಿಗೆಯಲ್ಲಿ ನಡೆಸುತ್ತಿದ್ದೀರಿ ಎಂಬ ಒಂದು ಕೌಂಟರನ್ನು ಅವರ ಕಡೆಯೂ ಹಾಕಿಸಿದೆವು. ಮುಂದಿನ ದಟ್ಟಣೆಯಲ್ಲಿ ಎರಡು ಗೆರೆಗಳನ್ನು ಒಂದೇ ಪರದೆಗೆ ತಂದೆವು. ಕಾಯುತ್ತಿರುವ ಕರೆಗಳ ನಮ್ಮ ಗೆರೆ ಗೋಪುರದಂತೆ ಏರುತ್ತಿತ್ತು. ಅವರ ಗೆರೆ ಎರಡರ ಮೇಲೆ ನೆಟ್ಟಗೆ ಮಲಗಿತ್ತು. ಎರಡನ್ನು ಒಮ್ಮೆಯೂ ದಾಟಲಿಲ್ಲ.

ಎರಡು ಎಂಬ ಆ ಅಂಕಿ ಸಿಕ್ಕಮೇಲೆ ಕಾರಣ ಹುಡುಕುವುದು ಸುಲಭವಾಯಿತು. ಒಬ್ಬ ಬಳಕೆದಾರನ ಬ್ರೌಸರ್‌ನಂಥ ಪ್ರೋಗ್ರಾಂ ಒಂದು ಸರ್ವರ್‌ಗೆ ಎರಡಕ್ಕಿಂತ ಹೆಚ್ಚು ಸಂಪರ್ಕ ಇಟ್ಟುಕೊಳ್ಳದಿರಲಿ ಎಂದು 1999ರ ಎಚ್‌ಟಿಟಿಪಿ 1.1 ನಿಯಮಾವಳಿ ಸಲಹೆ ಕೊಟ್ಟಿತ್ತು. ಆ ಸಲಹೆ ಡಾಟ್‌ನೆಟ್‌ನ ಪೂರ್ವನಿಗದಿಯಾಗಿ ಬಂದಿತ್ತು. ನಮ್ಮದು ಬ್ರೌಸರ್ ಅಲ್ಲ, ನೂರಾರು ಜನರ ಪರವಾಗಿ ಕರೆ ಮಾಡುವ ಸರ್ವರ್. ಅಷ್ಟೂ ಕರೆಗಳು ಎರಡೇ ಬಾಗಿಲುಗಳ ಮುಂದೆ ಸಾಲು ನಿಂತಿದ್ದವು. ಕಾನ್ಫಿಗರೇಷನ್ ಕಡತದಲ್ಲಿ ಒಂದು ಸಾಲು ಬದಲಿಸಿದ ಮೇಲೆ ಆರ್ಡರ್‌ಗಳು ಸರಾಗವಾಗಿ ಹರಿದವು. ಪ್ರೊಸೆಸರ್, ಮೆಮೊರಿ, ಡಿಸ್ಕುಗಳ ಯಾವ ಗೆರೆಯೂ ಇದನ್ನು ಎಂದಿಗೂ ಹೇಳುತ್ತಿರಲಿಲ್ಲ. ಕಾಯುವುದು ಯಂತ್ರಕ್ಕೆ ದುಡಿಮೆಯಲ್ಲ, ಆದ್ದರಿಂದ ಯಂತ್ರದ ಅಳತೆಗೆ ಅದು ಸಿಗುವುದಿಲ್ಲ. ಕಾಯುತ್ತಿರುವುದು ಒಂದು ಆರ್ಡರ್, ಅದರ ಹಿಂದೆ ಒಬ್ಬ ಮನುಷ್ಯ ಎಂದು ಬಲ್ಲ ಪ್ರೋಗ್ರಾಂ ಮಾತ್ರ ಅದನ್ನು ಎಣಿಸಬಲ್ಲದು.

ಸುಲಭವಾದದ್ದಕ್ಕೆ ಅದರದೇ ಕಷ್ಟವೂ ಬಂತು. ಕೌಂಟರ್‌ಗೆ ಇನ್‌ಸ್ಟನ್ಸ್‌ಗಳಿರಬಹುದಿತ್ತು: ಒಂದೇ ಕೌಂಟರನ್ನು ಪ್ರತಿ ಡಿಸ್ಕಿಗೆ, ಪ್ರತಿ ಸರದಿಗೆ ಬೇರೆ ಬೇರೆಯಾಗಿ ಎಣಿಸುವುದು. ಕೆಲವರು ಪ್ರತಿ ಬಳಕೆದಾರನಿಗೂ ಒಂದೊಂದು ಇನ್‌ಸ್ಟನ್ಸ್ ಮಾಡಲು ಹೊರಟರು. ಡಾಟ್‌ನೆಟ್‌ನ ಮೊದಲ ಆವೃತ್ತಿಗಳಲ್ಲಿ ಎಲ್ಲ ಪ್ರೋಗ್ರಾಂಗಳ ಕಸ್ಟಮ್ ಕೌಂಟರ್‌ಗಳೂ ಹಂಚಿಕೊಂಡ ಒಂದೇ ಮೆಮೊರಿ ಕಡತದಲ್ಲಿ ಕೂರುತ್ತಿದ್ದವು. ಅದರ ಪೂರ್ವನಿಗದಿ ಗಾತ್ರ 5,24,288 ಬೈಟ್. ಅದು ತುಂಬಿದ ದಿನ ಕೌಂಟರ್‌ಗಳಿಗೆ ಮೆಮೊರಿ ಮುಗಿದಿದೆ ಎಂಬ ದೋಷ ಸೂಚನೆ ಬರುತ್ತಿತ್ತು. 2005ರ ಡಾಟ್‌ನೆಟ್ 2.0 ಪ್ರತಿ ಕೆಟಗರಿಗೂ ಪ್ರತ್ಯೇಕ ಜಾಗ ಕೊಟ್ಟಿತು. ಪ್ರೋಗ್ರಾಂ ಸತ್ತರೆ ಅದರ ಇನ್‌ಸ್ಟನ್ಸ್ ಕೂಡ ಹೋಗುವಂತೆ ಮಾಡುವ ಅವಕಾಶವನ್ನೂ ಕೊಟ್ಟಿತು. ಆರಿಸಿ ಎಣಿಸಬೇಕು, ಕಂಡದ್ದನ್ನೆಲ್ಲ ಎಣಿಸಬಾರದು ಎಂಬ ವಿವೇಕ ಈ ವೃತ್ತಿಗೆ ಬಂದದ್ದು ಇಂಥ ಪೆಟ್ಟುಗಳಿಂದ.

2010ರ ದಶಕದಲ್ಲಿ ಕೇಂದ್ರ ಬೇರೆಡೆಗೆ ಸರಿಯಿತು. ಒಂದು ಯಂತ್ರದ ಮುಂದೆ ಕೂತು ನೋಡುವ ಕಾಲ ಮುಗಿದು, ನೂರಾರು ಲಿನಕ್ಸ್ ಸರ್ವರ್‌ಗಳ ಅಂಕಿಗಳನ್ನು ಒಟ್ಟುಮಾಡುವ ಕಾಲ ಬಂತು. ಎಟ್ಸಿ ಕಂಪನಿ 2011ರಲ್ಲಿ ಸ್ಟ್ಯಾಟ್ಸ್‌ಡಿಯನ್ನು ಹೊರಬಿಟ್ಟಿತು. ಪ್ರೋಗ್ರಾಂ ಎಲ್ಲಿಂದ ಬೇಕಾದರೂ ಒಂದು ಪುಟ್ಟ ಯುಡಿಪಿ ಪ್ಯಾಕೆಟ್ ಎಸೆದು ಮುಂದೆ ನಡೆಯಬಹುದು, ಅದು ತಲುಪಿತೇ ಎಂದು ಕಾಯಬೇಕಿಲ್ಲ. ಮರುವರ್ಷ ಬರ್ಲಿನ್ನಿನ ಸೌಂಡ್‌ಕ್ಲೌಡ್‌ನಲ್ಲಿ, ಗೂಗಲ್ ಬಿಟ್ಟು ಬಂದಿದ್ದ ಮ್ಯಾಟ್ ಪ್ರೌಡ್, ಜೂಲಿಯಸ್ ವೋಲ್ಜ್ ಇಂಥ ಅಂಕಿಗಳನ್ನು ಕಲೆಹಾಕುವ ಪ್ರೊಮಿಥಿಯಸ್ ಎಂಬ ವ್ಯವಸ್ಥೆಯನ್ನು ಕಟ್ಟಲು ಶುರುಮಾಡಿದರು. ಗೂಗಲ್‌ನ ಒಳಗಿದ್ದ ಬೋರ್ಗ್‌ಮಾನ್ ಎಂಬ ಕಾವಲು ವ್ಯವಸ್ಥೆ ಅದಕ್ಕೆ ಪ್ರೇರಣೆ. ಅತ್ತ ಡಾಟ್‌ನೆಟ್ ಕೂಡ ವಿಂಡೋಸ್‌ನ ಹೊರಗೆ ಓಡಲು ಕಲಿತು, ಹಳೆಯ ಪರ್ಫ್‌ಮಾನ್ ಕೌಂಟರ್‌ಗಳನ್ನು ಹಿಂದೆ ಬಿಟ್ಟು, 2019ರ 3.0 ಆವೃತ್ತಿಯ ಹೊತ್ತಿಗೆ ಈವೆಂಟ್ ಕೌಂಟರ್‌ಗಳ ಹೊಸ ದಾರಿ ಹಿಡಿಯಿತು. ಅದೇ ವರ್ಷ ಎಲ್ಲ ಭಾಷೆಗಳಿಗೂ ಒಂದೇ ಪದ್ಧತಿ ತರುವ ಓಪನ್‌ಟೆಲಿಮೆಟ್ರಿ ಹುಟ್ಟಿತು.

ಪ್ರೊಮಿಥಿಯಸ್ ಮೊದಲ ಸಲ ಬಳಸಿದಾಗ ನನಗೆ ಹಳೆಯ ಪರಿಚಯದವರನ್ನು ಕಂಡಂತಾಯಿತು. ಅದರ ಕೌಂಟರ್ ಏರುತ್ತಲೇ ಹೋಗಬೇಕು, ಪ್ರೋಗ್ರಾಂ ಮತ್ತೆ ಶುರುವಾದಾಗ ಮಾತ್ರ ಸೊನ್ನೆಗೆ ಬರಬಹುದು. ಭಾಗಾಕಾರ ನೋಡುವವರ ಪಾಲಿನ ಕೆಲಸ. ಪ್ರತಿ ಅಂಕಿಯ ತಲೆಯ ಮೇಲೆ ಹೆಲ್ಪ್ ಎಂಬ ಒಂದು ಸಾಲು, ಅದೇ ಬೆಸಸಂಖ್ಯೆಯ ವಾಕ್ಯ. ಒಂದೇ ಅಂಕಿಯನ್ನು ಬೇರೆ ಬೇರೆಯಾಗಿ ಎಣಿಸುವ ಲೇಬಲ್‌ಗಳಿಗೆ ಬಳಕೆದಾರರ ಗುರುತು, ಇಮೇಲ್ ವಿಳಾಸಗಳನ್ನು ಬಳಸಬೇಡಿ ಎಂಬ ಎಚ್ಚರಿಕೆಯೂ ಅದರ ಕೈಪಿಡಿಯಲ್ಲಿದೆ, ಇನ್‌ಸ್ಟನ್ಸ್‌ಗಳು ಕಲಿಸಿದ್ದ ಪಾಠವೇ. ಒಬ್ಬರನ್ನೊಬ್ಬರು ನೋಡದೆಯೂ ಈ ಕೆಲಸ ಮಾಡಿದ ಪೀಳಿಗೆಗಳೆಲ್ಲ ಇದೇ ತೀರ್ಮಾನಗಳಿಗೆ ಬಂದು ತಲುಪಿದ್ದಾರೆ.

ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಸಿದ್ಧ ಡ್ಯಾಶ್‌ಬೋರ್ಡ್ ಸಿಗುತ್ತದೆ. ಕ್ಲೌಡ್ ಒದಗಿಸುವ ಸಾವಿರಾರು ಗೆರೆಗಳು ಅದರಲ್ಲಿ ಮಿನುಗುತ್ತಿರುತ್ತವೆ. ಅವು ಬಹುಪಾಲು ಯಂತ್ರದ ಗೆರೆಗಳೇ, 0ಯಿಂದ 127ರ ಕಡೆಯವು. ನಮ್ಮ ಪಾಲಿನ ಅರ್ಧ ಇಂದಿಗೂ ಅನೇಕ ಕಡೆ ಖಾಲಿ ಬಿದ್ದಿದೆ. ಎಷ್ಟು ಬಂದವು, ಎಷ್ಟು ಕಾಯುತ್ತಿವೆ, ಎಷ್ಟು ವಿಫಲವಾದವು ಎಂಬ ಮೂರು ಅಂಕಿಗಳನ್ನಾದರೂ ತಮ್ಮ ಪ್ರೋಗ್ರಾಂನ ಮಾತಿನಲ್ಲಿ ಹೇಳಬಲ್ಲ ಸರ್ವರ್‌ಗಳು ಇನ್ನೂ ಕಡಿಮೆ. ಹಿಂದೆ ಅದಕ್ಕೆ ಸಿ ಭಾಷೆಯ ಡಿಎಲ್‌ಎಲ್ ಕಷ್ಟ ಎಂಬ ಕಾರಣವಿತ್ತು, ಈಗ ಅದೂ ಇಲ್ಲ.

ಆದ್ದರಿಂದ ನನ್ನ ತಂಡದಲ್ಲಿ ಕೋಡ್ ಪರಿಶೀಲನೆಗೆ ಕೂತಾಗ ಪರೀಕ್ಷೆಗಳನ್ನು ಕೇಳುವಷ್ಟೇ ಕಟ್ಟುನಿಟ್ಟಾಗಿ ಎರಡು ಪ್ರಶ್ನೆ ಕೇಳುತ್ತೇನೆ. ಇದು ನಿಂತುಹೋದರೆ ಯಾವ ಅಂಕಿ ನಮಗೆ ತಿಳಿಸುತ್ತದೆ? ಆ ಅಂಕಿಯ ವಿವರಣೆಯನ್ನು ಈ ಪ್ರೋಗ್ರಾಂ ಬಗ್ಗೆ ಏನೂ ಗೊತ್ತಿಲ್ಲದವರೊಬ್ಬರು ರಾತ್ರಿ ಎರಡು ಗಂಟೆಗೆ ಓದಿದರೆ, ಮುಂದೇನು ಮಾಡಬೇಕೆಂದು ಅವರಿಗೆ ತಿಳಿಯುತ್ತದೆಯೇ? ಉತ್ತರ ಸಿಗುವವರೆಗೆ ಒಪ್ಪಿಗೆ ಕೊಡುವುದಿಲ್ಲ. ನೀವು ಇದೇ ವೃತ್ತಿಯವರಾದರೆ ನೀವೂ ಕೇಳಿ. ಬರೆದವರಿಗೆ ಅರ್ಧ ಗಂಟೆಯ ಕೆಲಸ, ಕಾಯುವವರಿಗೆ ಒಂದು ರಾತ್ರಿಯ ನಿದ್ದೆ.